ಬಿಡುವುದು, ಬಿಟ್ಟುಕೊಡುವುದು, ಕೈಬಿಡುವುದು

ಹೋದ ಮಳೆಗಾಲದ ಒಂದು ಸಂಜೆ. ಕರೆಂಟು ಹೋಗಿತ್ತು. ನಾನು ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದೆ. ಏಳನೆಯ ಕ್ಲಾಸಿನಲ್ಲಿ ಓದುವ ಮೊಮ್ಮಗಳು ಇಂಗ್ಲಿಷ್ ಪುಸ್ತಕವನ್ನೂ ಒಂದು ಮೇಣದ ಬತ್ತಿಯನ್ನೂ ಹಿಡಿದುಕೊಂಡು ಬಂದು ಹತ್ತಿರ ಕೂತಳು.

“ಅಜ್ಜ, ಗಿವ್ ಅಪ್ ಅಂದ್ರೆ ಎಂತ?”

ಮಾಮೂಲಿಗೆ ಅವಳು ಇಂಥದ್ದನ್ನೆಲ್ಲ ನನ್ನ ಹತ್ತಿರ ಕೇಳುವ ಕ್ರಮ ಇಲ್ಲ, ಮೊಬೈಲಿನ ಹತ್ತಿರ ಕೇಳುವುದು. ಆ ದಿನ ಮೊಬೈಲಿನ ಚಾರ್ಜೂ ಮುಗಿದಿತ್ತು. ಹಾಗಾಗಿ ಏಳನೆಯ ಕ್ಲಾಸಿಗೇ ಶಾಲೆ ಮುಗಿಸಿದ ಅಜ್ಜನಿಗೆ ಸ್ವಲ್ಪ ಮರ್ಯಾದೆ ಬಂತು.

ಗಿವ್ ಅಂದರೆ ಕೊಡು, ಅಪ್ ಅಂದರೆ ಮೇಲೆ, ಇಷ್ಟು ನನಗೆ ಗೊತ್ತು. ಮೇಲಕ್ಕೆ ಕೊಡುವುದು ಅಂದರೆ ಎಂತದು? ಕಂಗಿನ ಮರ ಹತ್ತಿದವನಿಗೆ ಕೆಳಗಿನಿಂದ ಹಗ್ಗ ಕೊಡುವುದೋ ಅಂತ ಕೇಳಿದೆ. ಅವಳು ನಕ್ಕಳು. “ಹಾಗಲ್ಲ ಅಜ್ಜ, ಅದು ಎರಡೂ ಸೇರಿ ಒಂದೇ ಶಬ್ದ. ಟೀಚರ್ ಐದು ವಾಕ್ಯ ಕೊಟ್ಟಿದ್ದಾರೆ, ಅರ್ಥ ಬರೆಯಬೇಕು” ಅಂದಳು. ಒಂದೊಂದೇ ಓದಿ ಅವಳಿಗೆ ತಿಳಿದ ಹಾಗೆ ವಿವರಿಸಿದಳು. ನಾನು ಒಂದೊಂದಕ್ಕೂ ಕನ್ನಡ ಹೇಳುತ್ತ ಹೋದೆ.

ಡಾಕ್ಟರು ಹೇಳಿದ ಮೇಲೆ ಅವನು ಬೀಡಿ ಬಿಟ್ಟ. ಬಸ್ಸಿನಲ್ಲಿ ಹುಡುಗ ಮುದುಕಿಗೆ ಸೀಟು ಬಿಟ್ಟುಕೊಟ್ಟ. ಕಳ್ಳ ಪೊಲೀಸರಿಗೆ ಶರಣಾದ. ಕಾಡಿನಲ್ಲಿ ಕಾಣೆಯಾದವನನ್ನು ಹುಡುಕುವುದನ್ನು ಕೈಬಿಟ್ಟರು. ಲೆಕ್ಕ ಬಾರದೆ ಹುಡುಗಿ ಸೋತು ಕೂತಳು.

“ಅಜ್ಜ, ಐದಕ್ಕೂ ಗಿವ್ ಅಪ್ಪೇ ಇರುವುದು. ನೀವು ಐದು ಬೇರೆ ಬೇರೆ ಹೇಳಿದ್ರಿ. ಒಂದು ಹೇಳಿ, ಬರೆಯಲು ಒಂದೇ ಗೆರೆ ಇರುವುದು.”

ಒಂದು ಹೇಳಲು ನನ್ನಿಂದ ಆಗಲಿಲ್ಲ. ಆಮೇಲೆ ಕರೆಂಟು ಬಂತು, ಅವಳು ಎದ್ದು ಹೋದಳು. ನನಗೆ ಮಾತ್ರ ಅದು ತಲೆಯಿಂದ ಹೋಗಲಿಲ್ಲ. ವಾಚನಾಲಯದವರು ಪುಸ್ತಕಕ್ಕೆ ಏನಾದರೂ ಬರೆದುಕೊಡಿ ಅಂತ ಹೇಳಿ ಎರಡು ತಿಂಗಳಾಗಿತ್ತು. ಪಾಡ್ದನದ ಬಗ್ಗೆ ಬರೆಯಬಹುದು ಅಂತ ಅವರ ಮನಸ್ಸಿನಲ್ಲಿ ಇದ್ದದ್ದು. ನಾನು ಇದನ್ನು ಬರೆಯುತ್ತಿದ್ದೇನೆ.

ಮೊದಲು ‘ಬಿಡು’ ಎಂಬ ಶಬ್ದವನ್ನೇ ತೆಗೆದುಕೊಳ್ಳಿ. ಇಷ್ಟು ವರ್ಷ ಬಾಯಲ್ಲಿ ಆಡಿದ್ದೇನೆ, ಒಮ್ಮೆಯೂ ನಿಂತು ನೋಡಿರಲಿಲ್ಲ. ಮರ ಹೂ ಬಿಡುತ್ತದೆ, ಕಾಯಿ ಬಿಡುತ್ತದೆ, ಕಂಗು ಹಿಂಗಾರ ಬಿಡುತ್ತದೆ. ಇಲ್ಲಿ ಬಿಡುವುದು ಅಂದರೆ ಒಳಗಿದ್ದದ್ದನ್ನು ಹೊರಗೆ ಕೊಡುವುದು. ನೆಟ್ಟ ಸಸಿ ಬೇರು ಬಿಡುತ್ತದೆ. ಬೇರು ಬಿಟ್ಟಿತು ಅಂದರೆ ಗಟ್ಟಿ ಹಿಡಿದುಕೊಂಡಿತು ಅಂತ ಅರ್ಥ, ಇದು ನೋಡಿ ಎಷ್ಟು ವಿಚಿತ್ರ! ಶಾಲೆ ಬಿಟ್ಟಿತು ಅಂದರೆ ಮಕ್ಕಳಿಗೆ ಸಂತೋಷ. ಶಾಲೆ ಬಿಟ್ಟ ಅಂದರೆ ಮನೆಯವರಿಗೆ ದುಃಖ. ಮಳೆ ಬಿಟ್ಟರೆ ಅಂಗಳದಲ್ಲಿ ಅಡಿಕೆ ಹಾಕಬಹುದು. ಕೆಲಸದ ನಡುವೆ ಸಿಗುವುದು ಬಿಡುವು, ಜೈಲಿನಿಂದ ಸಿಗುವುದು ಬಿಡುಗಡೆ. ಕೊನೆಗೆ ಒಂದು ದಿನ ಎಲ್ಲರೂ ಪ್ರಾಣ ಬಿಡುವುದು. ಹೂವಿನಿಂದ ಹಿಡಿದು ಪ್ರಾಣದ ತನಕ ಒಂದೇ ಶಬ್ದ. ಹಾಗಿರುವಾಗ ಬಿಡುವುದು ತಪ್ಪೋ ಸರಿಯೋ ಅಂತ ಒಂದೇ ಮಾತಿನಲ್ಲಿ ಯಾರು ಹೇಳಲು ಸಾಧ್ಯ?

ಇದಕ್ಕೆ ಬಾಲ ಸೇರಿಸಿದರೆ ಅರ್ಥ ಇನ್ನೂ ಬದಲುತ್ತದೆ. ‘ಬಿಟ್ಟುಬಿಡು’ ಅಂದರೆ ಅಲ್ಲಿಗೆ ಮುಗಿಯಿತು, ಹಿಂದೆ ತಿರುಗಿ ನೋಡಬೇಡ. ‘ಬಿಟ್ಟುಕೊಡು’ ಅಂದರೆ ತೆಗೆದುಕೊಳ್ಳುವವನೊಬ್ಬ ಎದುರಿಗೆ ಇದ್ದಾನೆ. ‘ಕೈಬಿಡು’ ಅಂದರೆ ಕೈ ಹಿಡಿದುಕೊಂಡಿದ್ದವನೊಬ್ಬ ಬೀಳುತ್ತಾನೆ. ‘ಕೈ ಚೆಲ್ಲಿದ’ ಅಂದರೆ ಯಾರಿಗೂ ಏನೂ ಸಿಗಲಿಲ್ಲ, ಹಿಡಿದವನಿಗೂ ಇಲ್ಲ. ಮನೆಯಲ್ಲಿ ನಾವು ತುಳು ಮಾತಾಡುವವರು. ತುಳುವಿನಲ್ಲಿಯೂ ‘ಬುಡು’ ಉಂಟು, ಬಿಟ್ಟು ಕೊಡುವುದು ಉಂಟು. ಪೇಟೆಯಲ್ಲಿ ಮಲಯಾಳದವರೂ ‘ವಿಟ್ಟುಕೊಡುಕ್ಕುಕ’ ಅನ್ನುತ್ತಾರೆ, ‘ಕೈವಿಡುಕ’ ಅನ್ನುತ್ತಾರೆ. ಮೂರು ಭಾಷೆಯ ಅಜ್ಜಂದಿರೂ ಇದನ್ನು ಒಂದೇ ಥರ ಯೋಚಿಸಿದ್ದಾರೆ ಅಂತಾಯಿತು. ಇಂಗ್ಲಿಷಿನವರ ಶಬ್ದದಲ್ಲಿ ‘ಕೊಡು’ ಉಂಟು, ಆದರೆ ಬೀಡಿ ಬಿಟ್ಟವನು ಅದನ್ನು ಯಾರಿಗೂ ಕೊಡಲಿಲ್ಲ. ಇದನ್ನು ಕೇಳಿದರೆ ಇಂಗ್ಲಿಷ್ ಮಾಷ್ಟ್ರುಗಳಿಗೆ ನಗೆ ಬರಬಹುದು. ನನಗೆ ತೋಚಿದ್ದು ಹೇಳಿದೆ.

ಈಗ ಊರಿನ ಹುಡುಗರ ಬನಿಯನಿನ ಮೇಲೆ ‘ನೆವರ್ ಗಿವ್ ಅಪ್’ ಅಂತ ಬರೆದಿರುತ್ತದೆ. ಮಗನನ್ನು ಕೇಳಿದೆ, ಯಾವತ್ತೂ ಬಿಡಬೇಡ ಅಂತ ಅರ್ಥ ಅಂದ. ಛಲ ಬಿಡದ ತ್ರಿವಿಕ್ರಮ ಅಂತ ನಾವು ಚಂದಮಾಮದಲ್ಲಿ ಓದಿದ ಹಾಗೆ. ಕೇಳಲು ಚಂದ. ಆದರೆ ಬೇಸಾಯ ಮಾಡುವವನು ಈ ಮಾತನ್ನು ಪೂರ್ತಿ ನಂಬಿದರೆ ಮನೆ ಹಾಳಾಗುತ್ತದೆ.

ಸುರಂಗದ ವಿಷಯ ನಿಮಗೆಲ್ಲ ಗೊತ್ತಿರುವುದೇ, ಆದರೂ ಹೊರಗಿನಿಂದ ಬಂದ ಮಾಷ್ಟ್ರುಗಳಿಗಾಗಿ ಹೇಳುತ್ತೇನೆ. ನಮ್ಮ ಈ ಗುಡ್ಡೆಗಳಲ್ಲಿ ನೀರಿಗಾಗಿ ಕೆಳಗೆ ಬಾವಿ ತೋಡುವ ಬದಲು ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ತೋಡುತ್ತಾರೆ. ಒಬ್ಬ ಮನುಷ್ಯ ಪಿಕ್ಕಾಸು ಹಿಡಿದು ಒಳಗೆ ಹೋಗುವಷ್ಟೇ ಜಾಗ. ಉದ್ದದ ಲೆಕ್ಕ ಕೋಲಿನಲ್ಲಿ, ಒಂದು ಕೋಲು ಅಂದರೆ ಎರಡೂವರೆ ಅಡಿಯ ಹತ್ತಿರ. ಒಳಗೆ ಹೋದ ಹಾಗೆ ಗಾಳಿ ಕಡಿಮೆ. ಮೇಣದ ಬತ್ತಿ ನಂದಿದರೆ ಹೊರಗೆ ಬರಲೇಬೇಕು. ಮುರಕಲ್ಲು ಆದರೆ ಕಡಿಯಬಹುದು, ಗಟ್ಟಿ ಕಪ್ಪು ಬಂಡೆ ಅಡ್ಡ ಬಂದರೆ ಪಿಕ್ಕಾಸು ಹಾರುತ್ತದೆ ಅಷ್ಟೆ. ಆಗ ಪಕ್ಕಕ್ಕೆ ತಿರುಗಿಸಿ ನೋಡಬೇಕು, ಇಲ್ಲದಿದ್ದರೆ ಬಿಡಬೇಕು.

ಗಡಿಯ ಆಚೆ ಅಡ್ಯನಡ್ಕದ ಹತ್ತಿರ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕೂಲಿ ಮಾಡಿ ಬದುಕುತ್ತಿದ್ದವರು. ಸಿಕ್ಕಿದ ಬೋಳು ಗುಡ್ಡೆಯಲ್ಲಿ ತೋಟ ಮಾಡಬೇಕು ಅಂತ ಹೊರಟು, ಕೂಲಿ ಕೆಲಸ ಮುಗಿಸಿ ಬಂದು ಒಬ್ಬರೇ ಸುರಂಗ ತೋಡಿದವರು. ಒಂದರಲ್ಲಿ ನೀರು ಬರಲಿಲ್ಲ, ಇನ್ನೊಂದು ತೋಡಿದರು. ಅದೂ ಒಣ. ಮತ್ತೂ ತೋಡಿದರು. ವರ್ಷಗಳು ಕಳೆದ ಮೇಲೆ ನೀರು ಸಿಕ್ಕಿತು, ತೋಟ ಎದ್ದಿತು. ಸನ್ಮಾನ ಮಾಡುವವರೆಲ್ಲ ‘ಅವರು ಬಿಡಲಿಲ್ಲ’ ಅಂತ ಭಾಷಣ ಮಾಡುತ್ತಾರೆ. ಸರಿಯೇ. ಆದರೆ ನನಗೆ ಕಾಣುವುದು ಇನ್ನೊಂದು. ಅವರು ಬಿಟ್ಟಿದ್ದಾರೆ, ಒಂದಲ್ಲ ಹಲವು ಸಲ ಬಿಟ್ಟಿದ್ದಾರೆ. ಒಣ ಸುರಂಗವನ್ನು ಬಿಡದೆ ಇದ್ದರೆ ಮುಂದಿನದು ಶುರುವಾಗುತ್ತಲೇ ಇರಲಿಲ್ಲ. ಸುರಂಗ ಬಿಟ್ಟರು, ನೀರು ಬಿಡಲಿಲ್ಲ. ಇಷ್ಟು ದಿನ ತೋಡಿದೆ, ಇಷ್ಟು ಬೆವರು ಹೋಯಿತು ಅಂತ ಅದೇ ಬಂಡೆಗೆ ಕುಟ್ಟುತ್ತ ಕೂತರೆ ಅದನ್ನು ಛಲ ಅನ್ನಬಹುದು, ನೀರು ಮಾತ್ರ ಬರುವುದಿಲ್ಲ.

ಮಂಜೇಶ್ವರದ ಗೋವಿಂದ ಪೈಗಳದ್ದೂ ಇಂಥದ್ದೇ. ಆ ಕಾಲಕ್ಕೆ ಕನ್ನಡದಲ್ಲಿ ಪದ್ಯ ಬರೆಯಬೇಕಾದರೆ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಇರಬೇಕು ಅಂತ ಕಟ್ಟು. ಅವರು 1911ರಲ್ಲಿ ಈ ಪ್ರಾಸವನ್ನು ಬಿಟ್ಟರು. ಹಿರಿಯರು ಸುಮ್ಮನೆ ಇರಲಿಲ್ಲ. ಇನ್ನು ಕನ್ನಡ ಕಾವ್ಯ ಮುಗಿಯಿತು ಅಂತ ಆಗಿನವರಿಗೆ ಕಂಡಿರಬೇಕು. 1949ರಲ್ಲಿ ಅವರಿಗೇ ಮದ್ರಾಸ್ ಸರಕಾರ ರಾಷ್ಟ್ರಕವಿ ಅಂತ ಬಿರುದು ಕೊಟ್ಟಿತು. ಪ್ರಾಸ ಬಿಟ್ಟರು, ಪದ್ಯ ಬಿಡಲಿಲ್ಲ. (ನಮ್ಮ ಪಾಡ್ದನದವರಿಗೆ ಆ ಕಟ್ಟು ಮೊದಲೇ ಇರಲಿಲ್ಲ. ಉಸಿರು ಸಿಕ್ಕಿದಲ್ಲಿ ಸಾಲು ಮುಗಿಯಿತು.) ನಾನು ಹೊಗೆಸೊಪ್ಪು ಬಿಟ್ಟದ್ದೂ ಸ್ವರ ಉಳಿಯಲಿ ಅಂತ. ಪೈಗಳ ಸಾಲಿನಲ್ಲಿ ಅದನ್ನು ಹೇಳುವುದು ಅಧಿಕಪ್ರಸಂಗ ಆಯಿತು.

ಇಲ್ಲಿಯ ತನಕ ಕಷ್ಟ ಇಲ್ಲ. ಯಾವುದಕ್ಕಾಗಿ ಬಿಡುವುದು ಅಂತ ಗೊತ್ತಿದ್ದರೆ ಬಿಡಬಹುದು. ಕಷ್ಟ ಶುರುವಾಗುವುದು ‘ಬಿಟ್ಟುಕೊಡು’ವಲ್ಲಿ. ಯಾಕೆಂದರೆ ಅದರಲ್ಲಿ ಇನ್ನೊಬ್ಬ ಇದ್ದಾನೆ.

ಬಸ್ಸಿನ ಸೀಟು ಬಿಟ್ಟುಕೊಡುವುದು ಸುಲಭ. ಇಳಿಯುವ ಜಾಗ ಬಂದರೆ ಹೇಗೂ ಏಳುವುದು. 2015ರಲ್ಲಿ ಗ್ಯಾಸಿನ ಸಬ್ಸಿಡಿ ಬೇಡದವರು ಬಿಟ್ಟುಕೊಡಿ ಅಂತ ಕೇಂದ್ರ ಸರಕಾರ ಹೇಳಿತು. ಆಗಲೂ ‘ಗಿವ್ ಇಟ್ ಅಪ್’ ಅಂತಲೇ ಎಲ್ಲ ಕಡೆ ಬೋರ್ಡು. ಕೋಟಿಗಿಂತ ಹೆಚ್ಚು ಮನೆಯವರು ಬಿಟ್ಟುಕೊಟ್ಟರು. ಯಾರಿಗೆ ಸಿಕ್ಕಿತು ಅಂತ ಕೊಟ್ಟವರು ನೋಡಲಿಲ್ಲ, ಯಾರು ಕೊಟ್ಟದ್ದು ಅಂತ ಸಿಕ್ಕಿದವರಿಗೂ ಗೊತ್ತಿಲ್ಲ. ಅಂಥದ್ದರಲ್ಲಿ ಮನಸ್ಸಿಗೆ ಭಾರ ಇಲ್ಲ. ಅಣ್ಣತಮ್ಮಂದಿರ ನಡುವೆ ಹಾಗಲ್ಲ. ಆಟದಲ್ಲಿ, ತಾಳಮದ್ದಳೆಯಲ್ಲಿ ನಾವು ರಾತ್ರಿಯಿಡೀ ನೋಡುವುದು ಇದನ್ನೇ ಅಲ್ವಾ? ಒಂದು ಕಡೆ ಸೂಜಿಮೊನೆಯಷ್ಟು ಜಾಗವನ್ನೂ ಬಿಡುವುದಿಲ್ಲ ಅನ್ನುವ ಕೌರವ. ಇನ್ನೊಂದು ಕಡೆ ಅಪ್ಪನ ಮಾತಿಗೆ ರಾಜ್ಯವನ್ನೇ ಬಿಟ್ಟುಕೊಟ್ಟ ರಾಮ, ಕೊಟ್ಟದ್ದನ್ನು ತೆಗೆದುಕೊಳ್ಳದೆ ಪಾದುಕೆ ಇಟ್ಟು ಕಾದ ಭರತ. ರಾಮನದ್ದು ದೊಡ್ಡದು ಅನ್ನುತ್ತಾರೆ. ನನಗೆ ವಯಸ್ಸಾದ ಹಾಗೆ ಭರತನೇ ದೊಡ್ಡವನಾಗಿ ಕಾಣುತ್ತಾನೆ. ಬಿಟ್ಟುಕೊಟ್ಟವನ ಎದುರು ತಲೆ ಎತ್ತಿ ಬದುಕುವುದು ಸುಲಭ ಅಲ್ಲ.

ಇದನ್ನು ನಾನು ಕಲಿತದ್ದು ಪುಸ್ತಕದಿಂದ ಅಲ್ಲ. ಹೇಳುವುದೋ ಬೇಡವೋ ಅಂತ ಯೋಚಿಸಿದೆ. ಊರಿನವರಿಗೆ ಅರ್ಧ ಗೊತ್ತಿರುವುದರಿಂದ ಪೂರ್ತಿ ಹೇಳುವುದೇ ಮೇಲು.

ನಮ್ಮಲ್ಲಿ ಅಜ್ಜ ತೋಡಿಸಿದ ಒಂದು ಸುರಂಗ ಉಂಟು, 40 ಕೋಲು. ಬೇಸಗೆಯಲ್ಲಿಯೂ ನೀರು ನಿಲ್ಲುವುದಿಲ್ಲ, ಸಣ್ಣಕ್ಕೆ ಹರಿಯುತ್ತದೆ. 1994ರಲ್ಲಿ ನನಗೂ ತಮ್ಮನಿಗೂ ಪಾಲಾಯಿತು. ನನಗಿಂತ ಎರಡು ವರ್ಷಕ್ಕೆ ಸಣ್ಣವನು. ಸುರಂಗದ ಬಾಯಿಯೂ ಕೆರೆಯೂ ಅವನ ಪಾಲಿಗೆ ಬಂತು. ನೀರು ಇಬ್ಬರಿಗೂ, ದಿನ ಬಿಟ್ಟು ದಿನ ಸರದಿ ಅಂತ ಮಾತಾಯಿತು. ಎರಡು ವರ್ಷ ಸರಿಯಾಗಿ ನಡೆಯಿತು. ಮೂರನೆಯ ಬೇಸಗೆಯಲ್ಲಿ ನೀರು ಕಡಿಮೆಯಾಯಿತು, ಮಾತು ಹೆಚ್ಚಾಯಿತು. ನನ್ನ ಸರದಿಯ ದಿನ ಬೆಳಿಗ್ಗೆ ಹೋದರೆ ಕೆರೆ ಅರ್ಧ. ರಾತ್ರಿ ಅವನು ಬಿಟ್ಟುಕೊಂಡಿದ್ದಾನೆ ಅಂತ ನಾನು, ಒರತೆಯೇ ಇಲ್ಲ ಅಂತ ಅವನು. ಹಿರಿಯರು ಕೂತು ಪಂಚಾತಿಕೆ ಆಯಿತು. ನಾನು ಎಲ್ಲರ ಎದುರು ಎದ್ದು ನಿಂತು ಹೇಳಿದೆ, “ನನಗೆ ನೀರೇ ಬೇಡ. ನನ್ನ ಸರದಿ ನಾನು ಅವನಿಗೆ ಬಿಟ್ಟುಕೊಟ್ಟೆ.” ಅಲ್ಲಿದ್ದವರೆಲ್ಲ ಅಣ್ಣ ಅಂದರೆ ಹೀಗಿರಬೇಕು ಅಂದರು. ಸಾಲ ಮಾಡಿ ಬೋರು ತೆಗೆಸಿದೆ.

ಆಮೇಲೆ ಇಪ್ಪತ್ತು ವರ್ಷ ಆ ಮಾತನ್ನು ನಾನು ಹೇಳದ ಜಾಗ ಇಲ್ಲ. ಮದುವೆ ಮನೆಯಲ್ಲಿ ಹೇಳಿದ್ದೇನೆ, ಅಡಿಕೆ ಮಂಡಿಯಲ್ಲಿ ಹೇಳಿದ್ದೇನೆ, ಕೋಲದ ರಾತ್ರಿ ಚಪ್ಪರದ ಬದಿಯಲ್ಲಿ ಕೂತು ಹೇಳಿದ್ದೇನೆ. ಹಾಡಲು ಹೋದಲ್ಲಿ ಮೈಕಿನ ಮುಂದೆಯೂ ಒಂದು ಸಲ ಹೇಳಿದ್ದುಂಟು, ಹೆಸರು ಹೇಳದೆ. ಹೆಸರು ಹೇಳದಿದ್ದರೂ ಎಲ್ಲರಿಗೂ ತಿಳಿಯುತ್ತದೆ.

ತಮ್ಮ ಒಂದು ದಿನ ನನ್ನ ಅಂಗಳಕ್ಕೆ ಬಂದ. ಕೂರಲಿಲ್ಲ. “ಅಣ್ಣ, ನೀರು ನೀನು ಕೊಟ್ಟದ್ದು ಹೌದು. ಆದ್ರೆ ಒಂದು ದಿವಸವೂ ಅದನ್ನು ಕುಡಿಯಲು ಬಿಡಲಿಲ್ಲ ನೀನು” ಅಂದ. ಅಷ್ಟೇ ಹೇಳಿ ಹೋದ. ನನಗೆ ಸಿಟ್ಟು ಬಂತು. ಕೊಟ್ಟವನಿಗೇ ಮಾತು ಅಂತ ಹೆಂಡತಿಯ ಹತ್ತಿರ ಹೇಳಿದೆ. ಅವಳು ಏನೂ ಹೇಳದೆ ಒಳಗೆ ಹೋದಳು. ಅದು ಆಗಿ ಎರಡು ವರ್ಷಕ್ಕೆ ಅವನು ತೀರಿಕೊಂಡ. ಈಗ ನಾಲ್ಕು ವರ್ಷವಾಯಿತು.

ಆ ಪಂಚಾತಿಕೆಯ ದಿನ ನಾನು ಮಾಡಿದ್ದು ಯಾವುದು? ಬಾಯಲ್ಲಿ ಹೇಳಿದ್ದು ಬಿಟ್ಟುಕೊಟ್ಟೆ ಅಂತ. ಆದರೆ ಬಿಟ್ಟುಕೊಡಬೇಕಾದರೆ ಮೊದಲು ಬಿಡಬೇಕು, ಆಮೇಲೆ ಕೊಡಬೇಕು. ಶಬ್ದದಲ್ಲಿಯೇ ಆ ಕ್ರಮ ಉಂಟು. ನಾನು ಕೊಟ್ಟೆ, ಬಿಡಲಿಲ್ಲ. ನೀರು ಅವನ ತೋಟಕ್ಕೆ ಹೋಯಿತು, ಲೆಕ್ಕ ನನ್ನ ಕೈಯಲ್ಲೇ ಉಳಿಯಿತು. ಸೋತೆ ಅಂತ ಹೇಳುವ ಧೈರ್ಯ ಇದ್ದಿದ್ದರೆ ಇಬ್ಬರಿಗೂ ಒಳ್ಳೆಯದಿತ್ತು. ಸೋತವನ ಹತ್ತಿರ ಗೆದ್ದವನು ಒಂದಲ್ಲ ಒಂದು ದಿನ ಬಂದು ಕೂರುತ್ತಾನೆ, ‘ಬಿಟ್ಟುಕೊಟ್ಟವನ’ ಹತ್ತಿರ ಬರುವುದಿಲ್ಲ. ಜಗಳವಾಡಿ ನನ್ನ ಸರದಿ ನಾನು ತೆಗೆದುಕೊಂಡಿದ್ದರೂ ಬಹುಶಃ ಇಷ್ಟು ದೂರ ಆಗುತ್ತಿರಲಿಲ್ಲ.

ಪಾಡ್ದನದಲ್ಲಿ ಅಬ್ಬಗ ದಾರಗರ ಕಥೆ ಬರುತ್ತದೆ, ಸಿರಿಯ ವಂಶದ ಅಕ್ಕತಂಗಿಯರು. ಚೆನ್ನೆಮಣೆ ಆಡಲು ಕೂರುತ್ತಾರೆ. ಆಟದಲ್ಲಿ ಮಾತಿಗೆ ಮಾತು ಬೆಳೆದು ಅಕ್ಕ ಅದೇ ಮಣೆಯನ್ನು ಎತ್ತಿ ತಂಗಿಯ ತಲೆಗೆ ಹೊಡೆಯುತ್ತಾಳೆ, ಆಮೇಲೆ ತಾನೂ ಬಾವಿಗೆ ಹಾರುತ್ತಾಳೆ. ನಾಲ್ಕು ಕಾಳಿನ ಆಟ, ಇಬ್ಬರಲ್ಲಿ ಒಬ್ಬಳು ಬಿಡಬಹುದಿತ್ತು. ನನ್ನ ತಾಯಿ ಇದನ್ನು ಹೇಳುವಾಗ ಆ ಜಾಗಕ್ಕೆ ಬಂದರೆ ಸ್ವರ ತಗ್ಗಿಸುತ್ತಿದ್ದಳು. ಹೆದರಿಕೆಗೆ ಹಾಗೆ ಮಾಡುವುದು ಅಂತ ಆಗ ತಿಳಿದಿದ್ದೆ. ತಮ್ಮ ಹೋದ ಮೇಲೆ ಆ ಭಾಗ ನನ್ನಿಂದ ಹಾಡಲು ಆಗುವುದಿಲ್ಲ. ಕೇಳಿದವರಿಗೆ ಗಂಟಲು ಸರಿ ಇಲ್ಲ ಅನ್ನುತ್ತೇನೆ.

ಇನ್ನು ಕೈಬಿಡುವುದು. ಇದರ ಬಗ್ಗೆ ಬರೆಯಲು ನಮ್ಮ ಜಿಲ್ಲೆಯವರಿಗೆ ಹೆಚ್ಚು ಅಧಿಕಾರ ಉಂಟು ಅಂತ ನನಗೆ ಕಾಣುವುದು. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಚೆಲ್ಲಿದ್ದು ಸುಮಾರು 20 ವರ್ಷ, ನಿಂತದ್ದು 2000ದ ಹೊತ್ತಿಗೆ. ಸುಪ್ರೀಂ ಕೋರ್ಟು ದೇಶಕ್ಕೇ ಬೇಡ ಅಂದದ್ದು 2011ರಲ್ಲಿ. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಮುಳಿಯಾರಿನ ಕಡೆ ಹೋದವರು ನೋಡಿರಬಹುದು, ಮೂವತ್ತು ವರ್ಷದ ಮಗನನ್ನು ಮಗುವಿನ ಹಾಗೆ ಎತ್ತಿಕೊಂಡು ಅಂಗಳಕ್ಕೆ ತರುವ ತಾಯಂದಿರನ್ನು. ಒಂದು ಮನೆಯಲ್ಲಿ ಭಜನೆಗೆ ಹೋಗಿದ್ದಾಗ ಅಂಥ ಒಬ್ಬ ಅಮ್ಮನ ಹತ್ತಿರ ಯಾರೋ ಹೇಳಿದರು, ನೀವು ದೊಡ್ಡವರು, ಬಿಡಲಿಲ್ಲ ಅಂತ. ಅವರು, “ಬಿಡಲು ಅದೇನು ಸಾಮಾನಾ?” ಅಂತ ಕೇಳಿ ಗಂಜಿ ತರಲು ಹೋದರು. ಸಾಮಾನನ್ನು ಬಿಡಬಹುದು, ಮನುಷ್ಯನನ್ನು ಬಿಟ್ಟರೆ ಅದಕ್ಕೆ ಬೇರೆ ಹೆಸರು. ಬಿಡುವ ವಸ್ತು ನನ್ನದೇ ಆದರೆ ಬಿಟ್ಟುಕೊಡಬಹುದು. ಇನ್ನೊಬ್ಬರದ್ದು ನನ್ನ ಕೈಯಲ್ಲಿ ಇದ್ದು ಅದನ್ನು ನಾನು ಬಿಟ್ಟರೆ, ಎಷ್ಟು ದೊಡ್ಡ ಮನಸ್ಸಿನಿಂದ ಬಿಟ್ಟರೂ, ಅದು ಕೈಬಿಡುವುದೇ. ಐದು ವಾಕ್ಯದಲ್ಲಿ ಮೊಮ್ಮಗಳಿಗೆ ಹೇಳಲು ಆಗದೆ ಹೋದದ್ದು ಇದು.

ಇದೇ ಕೋಲಿನಿಂದ ಅಳೆದರೆ ನಮ್ಮ ಊರಿನ ಕೆಲವು ಹಳೆಯ ಮಾತುಗಳು ಬೇರೆ ಥರ ಕಾಣುತ್ತವೆ. 1956ರ ನವೆಂಬರ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಆಗ ನಾನು ಹುಟ್ಟಿರಲಿಲ್ಲ. 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಮೈಸೂರಿಗೆ ಸೇರಬೇಕು ಅಂತ ಹೇಳಿತು, ಅದು ಆಗಲಿಲ್ಲ. ಸಭೆಗಳಲ್ಲಿ ಒಬ್ಬರು ‘ಕಾಸರಗೋಡನ್ನು ಬಿಟ್ಟುಕೊಟ್ಟರು’ ಅನ್ನುತ್ತಾರೆ, ಇನ್ನೊಬ್ಬರು ‘ಕೈಬಿಟ್ಟರು’ ಅನ್ನುತ್ತಾರೆ. ಎರಡೂ ಒಂದೇ ಅಂತ ಚಿಕ್ಕಂದಿನಲ್ಲಿ ತಿಳಿದಿದ್ದೆ. ಬಿಟ್ಟುಕೊಡಬೇಕಾದರೆ ಅದು ಅವರ ಮನೆಯ ಗದ್ದೆಯಾಗಿರಬೇಕಿತ್ತು. ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ದಾಟಿ 2015ರಲ್ಲಿ ತೀರಿಕೊಂಡರು, ಕೊನೆಯ ತನಕ ಆ ಮಾತನ್ನು ಬಿಡಲಿಲ್ಲ. ಅವರು ಬಿಡದಿದ್ದದ್ದರಿಂದ ಗಡಿ ಒಂದು ಕೋಲೂ ಆಚೆ ಸರಿಯಲಿಲ್ಲ ಅಂತ ನಗುವವರು ಇದ್ದಾರೆ. ಒಣ ಸುರಂಗದ ಕಥೆ ಹೇಳಿದವನು ನಾನೇ ಆದ್ದರಿಂದ ಆ ಪ್ರಶ್ನೆ ನನ್ನನ್ನೂ ಕೇಳಬಹುದು. ಗಡಿ ಎಂಬುದು ಸುರಂಗ, ಭಾಷೆ ಎಂಬುದು ನೀರು ಅಂತ ನಾನು ಹೇಳಬಹುದು. ರೈಗಳು ಅದನ್ನು ಒಪ್ಪುತ್ತಿದ್ದರೋ ಇಲ್ಲವೋ.

ನೀರಿನ ವಿಷಯಕ್ಕೆ ಬಂದರೆ ನಾವು ಏನು ಮಾಡಿದ್ದೇವೆ? 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಅಂತ ಕಾನೂನು ಬಂದಾಗ ನಾನೂ ಮೆರವಣಿಗೆಗೆ ಹೋಗಿದ್ದೇನೆ. ಕನ್ನಡ ಬಾರದವರನ್ನು ಕನ್ನಡ ಕ್ಲಾಸಿಗೆ ಹಾಕಿದಾಗ ಮಕ್ಕಳು ಅಂಗಳದಲ್ಲಿ ಕೂತು ಕೂಗಿದ್ದು ಒಂದೆರಡು ಸಲ ಅಲ್ಲ. ಮಲಯಾಳದ ಮೇಲೆ ನನಗೆ ಸಿಟ್ಟಿಲ್ಲ, ಬೋರಿಗೆ ಸಾಲ ಕೊಟ್ಟವನು ಮಲಯಾಳಿ ಗೆಳೆಯನೇ. ಸರಕಾರ ನಮ್ಮನ್ನು ಕೈಬಿಟ್ಟಿತು ಅಂತ ಕೂಗಿ ಗಂಟಲು ಒಣಗಿ ಮನೆಗೆ ಬಂದೆ. ಮೊಮ್ಮಗಳನ್ನು ಶಾಲೆಗೆ ಸೇರಿಸುವ ಸಮಯದಲ್ಲಿ ಮಗ ಕೇಳಿದ್ದ, “ಅಪ್ಪ, ಇಂಗ್ಲಿಷ್ ಮೀಡಿಯಂಗೆ ಹಾಕುವುದಾ?” ನಾನು “ನಿನ್ನ ಇಷ್ಟ” ಅಂದಿದ್ದೆ. ‘ನಿನ್ನ ಇಷ್ಟ’ ಅನ್ನುವ ಮಾತು ಬಿಟ್ಟುಕೊಡುವುದರ ಹಾಗೆ ಕೇಳುತ್ತದೆ. ಈಗ ಅವಳು ಕನ್ನಡ ಮಾತಾಡುತ್ತಾಳೆ, ಓದಲು ಹೇಳಿದರೆ ಅಕ್ಷರ ಅಕ್ಷರ ತಡವುತ್ತಾಳೆ. ಈ ಬರಹವನ್ನೂ ಅವಳಿಗೆ ನಾನೇ ಓದಿ ಹೇಳಬೇಕು.

ಇದನ್ನು ನನ್ನ ಪರಿಚಯದ ಮಾಷ್ಟ್ರೊಬ್ಬರ ಹತ್ತಿರ ಹೇಳಿದೆ. ಅವರು ತಡೆದು ಕೇಳಿದರು, “ಭಾಷೆ ನಿಮ್ಮೊಬ್ಬರದ್ದಲ್ಲ, ಹಾಗಾಗಿ ಬಿಟ್ಟುಕೊಡಲು ಹಕ್ಕಿಲ್ಲ ಅನ್ನುತ್ತೀರಿ. ಸರಿ. ಮಗುವಿನ ಮುಂದಿನ ಬದುಕೂ ನಿಮ್ಮದಲ್ಲ ಅಲ್ವಾ? ಅದನ್ನು ಹಿಡಿದುಕೊಳ್ಳಲು ಹಕ್ಕು ಎಲ್ಲಿಂದ ಬಂತು?” ನನಗೆ ಉತ್ತರ ಬರಲಿಲ್ಲ. ಈಗಲೂ ಪೂರ್ತಿ ಬಂದಿಲ್ಲ. ಮಗುವಿನ ಹತ್ತಿರದಿಂದ ತೆಗೆದುಕೊಳ್ಳದೆ ಅದಕ್ಕೆ ಕೊಡುವ ದಾರಿ ಇರಬಹುದು, ಶಾಲೆ ಯಾವುದಾದರೇನು, ಸಂಜೆ ಜಗಲಿ ಉಂಟಲ್ಲ ಅಂತ ಈಗ ಯೋಚಿಸುತ್ತೇನೆ. ಹತ್ತು ವರ್ಷ ಮೊದಲು ಹಾಗೆ ಯೋಚಿಸಬೇಕಿತ್ತು.

ಪದಗಳದ್ದೂ ಇದೇ ಕಥೆ. ನನ್ನ ತಾಯಿ ನೇಜಿ ನೆಡುವಾಗ ಓಬೇಲೆ ಹೇಳಿದರೆ ಬೈಲಿನ ಆಚೆ ಕರೆಯಲ್ಲಿ ನೆಡುವವರು ಅದಕ್ಕೆ ಸ್ವರ ಕೂಡಿಸುತ್ತಿದ್ದರು. ನಮ್ಮ ಬೈಲಿನಲ್ಲಿ ಏಣೆಲು, ಸುಗ್ಗಿ ಎರಡು ಬೆಳೆ ಇತ್ತು. ಆಳು ಸಿಗಲಿಲ್ಲ, ಸಂಬಳ ಕೊಟ್ಟು ಪೂರೈಸಲಿಲ್ಲ. 2003ರಲ್ಲಿ ನಾನೂ ಗದ್ದೆಗೆ ಮಣ್ಣು ಹಾಕಿ ಕಂಗು ನೆಟ್ಟೆ. ಗದ್ದೆ ಬಿಟ್ಟದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ, ಅದು ನನ್ನದು, ನಷ್ಟವೂ ನನ್ನದೇ ಆಗಿತ್ತು. ಆದರೆ ಗದ್ದೆಯ ಜೊತೆಗೆ ಹೋದದ್ದು ಓಬೇಲೆ. ಅದು ನನ್ನದಾಗಿರಲಿಲ್ಲ. ಆಚೆ ಕರೆಯವರದ್ದೂ ಆಗಿತ್ತು, ಅವಳಿಗೆ ಕಲಿಸಿದ ಯಾವುದೋ ಅಜ್ಜಿಯದ್ದೂ ಆಗಿತ್ತು. ಈಗ ನಾನು ವೇದಿಕೆಯಲ್ಲಿ ನಿಂತು ಹಾಡುತ್ತೇನೆ, ಶಾಲು ಹೊದಿಸುತ್ತಾರೆ. ಆಚೆ ಕರೆಯಿಂದ ಯಾರೂ ಸ್ವರ ಕೂಡಿಸುವುದಿಲ್ಲ, ಚಪ್ಪಾಳೆ ಹೊಡೆಯುತ್ತಾರೆ.

ಮೊಮ್ಮಗಳು ಕೊನೆಗೆ ಆ ಒಂದು ಗೆರೆಯಲ್ಲಿ ‘ಬಿಡುವುದು’ ಅಂತ ಬರೆದುಕೊಂಡು ಹೋದಳು. ಟೀಚರ್ ಸರಿ ಅಂತ ಗುರುತು ಹಾಕಿದ್ದಾರೆ. ನಾನೂ ತಪ್ಪು ಅನ್ನುವುದಿಲ್ಲ.

ಈ ಸಲದ ಬೇಸಗೆಯಲ್ಲಿ ನನ್ನ ಬೋರು ಬತ್ತಿತು. ಯಾರಿಗೂ ಹೇಳಲಿಲ್ಲ, ಮನೆ ಖರ್ಚಿನ ನೀರಿಗೆ ಹೆಂಡತಿ ಕೊಡ ಹಿಡಿದು ಅಡ್ಡ ದಾರಿಯಲ್ಲಿ ಹೋಗುವುದನ್ನು ತಮ್ಮನ ಮಗ ನೋಡಿರಬೇಕು. ಮೇ ತಿಂಗಳಲ್ಲಿ ಅವನು ಸುರಂಗದ ಒಳಗೆ ಹೋಗಿ ಬಿದ್ದ ಮಣ್ಣೆಲ್ಲ ತೆಗೆಸಿ ಚೊಕ್ಕ ಮಾಡಿಸಿದ. ಒಂದು ಸಂಜೆ ಬಂದು, “ದೊಡ್ಡಪ್ಪ, ನಿಮ್ಮ ಟ್ಯಾಂಕಿಗೆ ಒಂದು ಪೈಪು ಎಳೆಯುವುದಾ?” ಅಂತ ಕೇಳಿದ. ನನ್ನ ಬಾಯಿಗೆ ಮೊದಲು ಬಂದದ್ದು ‘ಬೇಡ, ನಾನು ಆವತ್ತೇ ಬಿಟ್ಟುಕೊಟ್ಟದ್ದು’ ಅಂತ. ನಾಲಗೆ ತುದಿಯ ತನಕ ಬಂತು. ನುಂಗಿದೆ. “ಆಯ್ತು, ಎಳೆ” ಅಂದೆ. ಅವನು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದ. ಅವನಪ್ಪನದ್ದೇ ಕಣ್ಣು.

ಪೈಪು ತಂದು ಕಟ್ಟೆಯ ಮೇಲೆ ಇಟ್ಟಿದ್ದಾನೆ. ಮಳೆ ಹಿಡಿದದ್ದರಿಂದ ಕಣಿ ತೆಗೆಯುವುದು ಬಾಕಿ ಉಂಟು.